ಆಲೆಮನೆಯಲ್ಲಿ ಒಡೆಯುವ ಸಕ್ಕರೆಯ ಲೆಕ್ಕ

ಬೆಲ್ಲ ಮಾಡುವ ಕಾಲದಲ್ಲಿ ಆಲೆಮನೆಗಳಿರುವ ಗ್ರಾಮಗಳ ಮುಖಂಡರ ಮುಂದೆ ಒಂದು ಬಗೆಯ ವ್ಯಾಜ್ಯವು ವರ್ಷವರ್ಷವೂ ತಪ್ಪದೆ ಬರುವುದುಂಟು. ಕೊಪ್ಪರಿಗೆಯಿಂದ ಇಳಿಸಿದ ಪಾಕವು ಅಚ್ಚಿನಲ್ಲಿ ಕೂರುವುದಿಲ್ಲ. ಕೂತರೂ ಎರಡು ದಿನಗಳಲ್ಲಿ ಬೆವರಿ ಜಿನುಗುವುದು. ವರ್ತಕನು ಅದನ್ನು ಬೆರಳಿನಿಂದ ಒತ್ತಿ ನೋಡಿ ದರವನ್ನು ಇಳಿಸುವನು. ಕಬ್ಬಿನ ಒಡೆಯನು ಪಾಕ ನೋಡುವವನನ್ನು ದೂರಿ ಅವನ ಕೂಲಿಯಲ್ಲಿ ಮುರಿದುಕೊಳ್ಳುವನು. ಪಾಕ ನೋಡುವವನು ಕಬ್ಬೇ ಸರಿಯಿಲ್ಲವೆನ್ನುವನು. ಆಲೆಮನೆಯ ಯಜಮಾನನು ಸುಣ್ಣದ ಮೇಲೆಯೋ ತಳಿಯ ಮೇಲೆಯೋ ತಪ್ಪನ್ನು ಹೊರಿಸುವನು. ಮೂವರ ಮಾತಿನಲ್ಲಿಯೂ ಸ್ವಲ್ಪ ಸತ್ಯವಿರಬಹುದಾದರೂ, ಯಾರ ಕೈಯಲ್ಲಿ ಎಷ್ಟು ಕೆಟ್ಟಿತೆಂಬುದನ್ನು ತೂಕ ಮಾಡಿ ಹೇಳುವವರಿಲ್ಲದೆ, ಕಡೆಗೆ ಬಾಯಿ ಕಡಿಮೆಯಿರುವವನ ಮೇಲೆ ನಷ್ಟವು ಬೀಳುವುದು. ಸಾಮಾನ್ಯವಾಗಿ ಅವನು ಪಾಕ ನೋಡುವ ಕೂಲಿಯವನು.

ಈ ಕೇಡನ್ನು ತೂಕ ಮಾಡುವುದು ಸಾಧ್ಯವಿದೆ. ಕೆಡುವ ವಸ್ತು ಒಂದೇ. ಅದು ಕೆಟ್ಟು ಆಗುವ ವಸ್ತುವೂ ಗೊತ್ತಿರತಕ್ಕದ್ದೇ. ಎಷ್ಟು ಹೊತ್ತಿನಲ್ಲಿ ಎಷ್ಟು ಆಗುವುದೆಂಬ ಲೆಕ್ಕವು ನೂರೆಪ್ಪತ್ತು ವರ್ಷಗಳಿಗಿಂತ ಹಿಂದೆಯೇ ಕಂಡುಹಿಡಿಯಲ್ಪಟ್ಟಿದೆ. ಬಡ್ಡಿಯ ಲೆಕ್ಕ ಬಲ್ಲ ಯಾವ ಗೃಹಸ್ಥನಿಗೂ ಇದು ಕಷ್ಟವಾಗಲಾರದು.

ಕಬ್ಬಿನ ಹಾಲಿನಲ್ಲಿ ಹರಳುಗಟ್ಟತಕ್ಕ ಸಕ್ಕರೆಯು ಒಂದೇ ಜಾತಿಯದು. ರಸಾಯನಶಾಸ್ತ್ರದಲ್ಲಿ ಇದನ್ನು ಸುಕ್ರೋಸ್ ಎಂದು ಕರೆಯುವರು. ಇದು ಎರಡು ಸಣ್ಣ ಸಕ್ಕರೆಗಳು ಕೂಡಿಕೊಂಡಿರುವ ವಸ್ತು. ಹುಳಿಯ ಸಹವಾಸದಿಂದಲಾಗಲಿ, ಕಬ್ಬಿನಲ್ಲಿಯೇ ಇರುವ ಇನ್ವರ್ಟೇಸ್ ಎಂಬ ಕಿಣ್ವದಿಂದಲಾಗಲಿ, ಸೂಕ್ಷ್ಮಜೀವಿಗಳಿಂದಲಾಗಲಿ ಈ ಕೂಡಿಕೆಯು ಬಿಡಿಸಿಕೊಂಡು, ಒಂದು ಪಾಲು ಗ್ಲುಕೋಸ್ ಎಂಬ ದ್ರಾಕ್ಷಾಸಕ್ಕರೆಯೂ ಇನ್ನೊಂದು ಪಾಲು ಫ್ರುಕ್ಟೋಸ್ ಎಂಬ ಹಣ್ಣಿನ ಸಕ್ಕರೆಯೂ ಆಗುವುವು. ಈ ಎರಡರ ಮಿಶ್ರಣವನ್ನು ಈ ಲೇಖನದಲ್ಲಿ ‘ಒಡೆದ ಸಕ್ಕರೆ’ಯೆಂದು ಕರೆಯಲಾಗಿದೆ. ಇದು ಸಿಹಿಯಾಗಿಯೇ ಇರುವುದು. ಆದರೆ ತಾನು ಸುಲಭವಾಗಿ ಹರಳುಗಟ್ಟದೆ, ಪಕ್ಕದಲ್ಲಿರುವ ಒಳ್ಳೆಯ ಸಕ್ಕರೆಯು ಹರಳುಗಟ್ಟುವುದಕ್ಕೂ ಅಡ್ಡಿಯಾಗುವುದು. ಅದರಲ್ಲಿಯೂ ಹಣ್ಣಿನ ಸಕ್ಕರೆಯು ಗಾಳಿಯ ತೇವವನ್ನು ಎಳೆದುಕೊಳ್ಳುವ ಸ್ವಭಾವದ್ದು. ಮಳೆಗಾಲದಲ್ಲಿ ಉಗ್ರಾಣದ ಬೆಲ್ಲವು ಕರಗಿ ಗೋಣಿಯನ್ನು ತೋಯಿಸುವುದಕ್ಕೆ ಇದೇ ಮುಖ್ಯ ಕಾರಣ.

ಒಡೆಯುವಾಗ ನೀರಿನ ಒಂದು ಅಂಶವು ಸಕ್ಕರೆಯೊಳಕ್ಕೆ ಸೇರಿಕೊಳ್ಳುವುದು. ಸುಕ್ರೋಸಿನ 342 ತೂಕಕ್ಕೆ ನೀರಿನ 18 ತೂಕ ಸೇರಿ, ಗ್ಲುಕೋಸ್ 180, ಫ್ರುಕ್ಟೋಸ್ 180, ಒಟ್ಟು 360 ತೂಕವಾಗುವುದು. ಅಂದರೆ 100 ಕಿಲೋಗ್ರಾಂ ಒಳ್ಳೆಯ ಸಕ್ಕರೆ ಒಡೆದರೆ 105 ಕಿಲೋಗ್ರಾಮಿಗೆ ಸ್ವಲ್ಪ ಮೇಲ್ಪಟ್ಟು ಒಡೆದ ಸಕ್ಕರೆಯಾಗುವುದು. ಕೆಟ್ಟ ಮೇಲೆ ತೂಕವು ಹೆಚ್ಚುವುದೆಂಬ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ತಕ್ಕಡಿಯು ಈ ಕೇಡನ್ನು ತೋರಿಸಲಾರದು. ಇನ್ನೊಂದು ಉಪಕರಣವಂತೂ ಕೇಡನ್ನೇ ಲಾಭವೆಂದು ತೋರಿಸುವುದು. ಅದರ ವಿಚಾರವನ್ನು ಮುಂದೆ ಹೇಳಲಾಗುವುದು.

ಈಗ ಹೊತ್ತಿನ ಲೆಕ್ಕ. ಸಕ್ಕರೆಯ ನೀರಿನಲ್ಲಿ ಬೆಳಕನ್ನು ಹಾಯಿಸಿದರೆ ಬೆಳಕಿನ ಕಂಪನದ ದಿಕ್ಕು ಒಂದು ಪಕ್ಕಕ್ಕೆ ತಿರುಗುವುದು. ಎಷ್ಟು ತಿರುಗಿತೆಂಬುದನ್ನು ಪೋಲಾರಿಮೀಟರ್ ಎಂಬ ಯಂತ್ರದಿಂದ ಅಳೆಯಬಹುದು. ಒಳ್ಳೆಯ ಸಕ್ಕರೆಯು ಬಲಕ್ಕೆ ತಿರುಗಿಸುವುದು. ಒಡೆದ ಸಕ್ಕರೆಯು ಎಡಕ್ಕೆ ತಿರುಗಿಸುವುದು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸತ್ತ್ವವನ್ನು ಹೇಳುವಾಗ ಬಳಸುವ ‘ಪೋಲ್’ ಎಂಬ ಮಾತು ಈ ಯಂತ್ರದಿಂದಲೇ ಬಂದುದು. 1850ರಲ್ಲಿ ಜರ್ಮನಿಯ ಲುಡ್ವಿಗ್ ವಿಲ್ಹೆಲ್ಮಿ ಎಂಬ ವಿದ್ವಾಂಸರು ಸಕ್ಕರೆಯ ನೀರಿಗೆ ಆಮ್ಲವನ್ನು ಸೇರಿಸಿ, ಆ ದ್ರವವನ್ನು ಅಲುಗಾಡಿಸದೆ, ಹೊತ್ತುಹೊತ್ತಿಗೆ ಯಂತ್ರದ ಮುಳ್ಳನ್ನು ನೋಡಿ ಬರೆದುಕೊಂಡರು. ಒಂದು ರಾಸಾಯನಿಕ ಕ್ರಿಯೆಯು ಎಷ್ಟು ವೇಗದಲ್ಲಿ ನಡೆಯುವುದೆಂಬುದನ್ನು ಅಳೆದು ಗಣಿತದ ಸೂತ್ರಕ್ಕೆ ತಂದವರಲ್ಲಿ ಅವರೇ ಮೊದಲಿಗರೆಂದು ಎಣಿಕೆ. ಆ ಬರಹವನ್ನು ಅನೇಕ ವರ್ಷಗಳವರೆಗೆ ಯಾರೂ ಗಮನಿಸಲಿಲ್ಲ. ಮೂರು ದಶಕಗಳು ಕಳೆದ ಮೇಲೆ ಓಸ್ಟ್‌ವಾಲ್ಡ್ ಎಂಬ ಪಂಡಿತರು ಅದನ್ನು ಬೆಳಕಿಗೆ ತಂದರು.

ಅವರು ಕಂಡುದು ಇಷ್ಟು. ಒಂದು ಗಂಟೆಯಲ್ಲಿ ಒಡೆಯುವ ಸಕ್ಕರೆಯು, ಆ ಗಂಟೆಯ ಆರಂಭದಲ್ಲಿ ಒಡೆಯದೆ ಉಳಿದಿರುವ ಸಕ್ಕರೆಗೆ ಯಾವಾಗಲೂ ಒಂದೇ ಪ್ರಮಾಣದಲ್ಲಿರುವುದು. ಸಾಲಗಾರನು ಪ್ರತಿ ಕಂತಿನಲ್ಲಿಯೂ ಉಳಿದ ಅಸಲಿನ ಹತ್ತರಲ್ಲೊಂದನ್ನು ತೀರಿಸುತ್ತ ಬಂದರೆ ಹೇಗೋ ಇದೂ ಹಾಗೆಯೇ. ಅಸಲು ಕರಗಿದಂತೆಲ್ಲ ಕಂತೂ ಸಣ್ಣದಾಗುವುದು. ಪೂರ್ತಿ ತೀರುವ ದಿನವೆಂಬುದು ಬಾರದು.

ಲೆಕ್ಕಕ್ಕಾಗಿ 100 ಕಿಲೋಗ್ರಾಂ ಸಕ್ಕರೆಯಿದ್ದು ಗಂಟೆಗೆ ಹತ್ತರಲ್ಲೊಂದು ಪಾಲು ಒಡೆಯುವುದೆಂದು ಇಟ್ಟುಕೊಳ್ಳೋಣ. ಮೊದಲ ಗಂಟೆಯಲ್ಲಿ 10 ಕಿಲೋ ಒಡೆದು 90 ಉಳಿಯುವುದು. ಎರಡನೆಯ ಗಂಟೆಯಲ್ಲಿ ಒಡೆಯುವುದು 9 ಮಾತ್ರ, ಉಳಿಯುವುದು 81. ಮೂರನೆಯದರಲ್ಲಿ 8.1 ಒಡೆದು 72.9 ಉಳಿಯುವುದು. ಹೀಗೆ ಪ್ರತಿ ಗಂಟೆಗೂ 0.9ರಿಂದ ಗುಣಿಸುತ್ತ ಹೋದರೆ ಹತ್ತನೆಯ ಗಂಟೆಯ ಕೊನೆಗೆ 34.87 ಕಿಲೋ ಉಳಿದಿರುವುದು. ‘ಗಂಟೆಗೆ ಹತ್ತು, ಹತ್ತು ಗಂಟೆಗೆ ನೂರು’ ಎಂದು ಬಾಯಿಲೆಕ್ಕ ಹಾಕಿದವನು ಎಲ್ಲವೂ ಹೋಯಿತೆನ್ನುವನು. ನಿಜವಾಗಿ ಹೋದುದು 65.13 ಕಿಲೋ. ಅದನ್ನು 360ರಿಂದ ಗುಣಿಸಿ 342ರಿಂದ ಭಾಗಿಸಿದರೆ, ಹೊಸದಾಗಿ ಹುಟ್ಟಿದ ಒಡೆದ ಸಕ್ಕರೆಯ ತೂಕವು 68.56 ಕಿಲೋಗ್ರಾಂ ಎಂದು ದೊರೆಯುವುದು. ಅರ್ಧ ಸಕ್ಕರೆ ಒಡೆಯಲು ಹಿಡಿಯುವ ಕಾಲವು ಈ ವೇಗದಲ್ಲಿ ಸುಮಾರು 6 ಗಂಟೆ 35 ನಿಮಿಷ. ಉಳಿದ ಅರ್ಧದಲ್ಲಿ ಅರ್ಧವು ಒಡೆಯಲು ಮತ್ತೆ ಅಷ್ಟೇ ಕಾಲ ಬೇಕು.

ಯಂತ್ರದ ಮುಳ್ಳನ್ನು ಓದುವಾಗಲೂ ಇಂತಹುದೇ ಒಂದು ಮೋಸಕ್ಕೆ ಒಳಗಾಗುವ ಸಂಭವವುಂಟು. ಮೊದಲಲ್ಲಿ ಬಲಕ್ಕೆ 40 ಡಿಗ್ರಿ ತೋರಿಸಿದ ದ್ರವವು ಪೂರ್ತಿ ಒಡೆದಾಗ ಎಡಕ್ಕೆ ಸುಮಾರು 13 ಡಿಗ್ರಿ ತೋರಿಸುವುದು. ಮುಳ್ಳು ನಡೆಯಬೇಕಾದ ಒಟ್ಟು ದಾರಿಯು 53 ಡಿಗ್ರಿ. ಆದಕಾರಣ ಮುಳ್ಳು ಸೊನ್ನೆಗೆ ಬಂದಾಗ ಅರ್ಧ ಸಕ್ಕರೆ ಒಡೆದಿದೆಯೆಂದು ತಿಳಿಯಬಾರದು. ಆ ಹೊತ್ತಿಗೆ ನಾಲ್ಕರಲ್ಲಿ ಮೂರು ಪಾಲು ಒಡೆದು ಹೋಗಿರುವುದು.

ಆಲೆಮನೆಯ ಕೊಪ್ಪರಿಗೆಯಲ್ಲಿ ಒಡೆಯುವ ವೇಗವು ಇಷ್ಟು ಹೆಚ್ಚಿರುವುದಿಲ್ಲ. ವೇಗವು ಸಣ್ಣದಾಗಿದ್ದು ಹೊತ್ತೂ ಕಡಿಮೆಯಿದ್ದರೆ ಬಾಯಿಲೆಕ್ಕಕ್ಕೂ ಸರಿಯಾದ ಲೆಕ್ಕಕ್ಕೂ ಇರುವ ಅಂತರವು ಕೂದಲೆಳೆಯಷ್ಟು. ಗಂಟೆಗೆ ನೂರಕ್ಕೆ ಒಂದರಂತೆ ಮೂರು ಗಂಟೆಗಳಲ್ಲಿ ನೂರಕ್ಕೆ 3 ಎನ್ನುವುದಕ್ಕೆ ಬದಲಾಗಿ 2.97 ಆಗುವುದು, ಅಷ್ಟೆ. ಇಂತಹ ಕಡೆಗಳಲ್ಲಿ ಸೂತ್ರ ಹಿಡಿದು ಹಟ ಮಾಡುವುದು ವ್ಯರ್ಥ. ಕೊಪ್ಪರಿಗೆಯ ಲೆಕ್ಕವನ್ನು ನಿಜವಾಗಿ ಏರುಪೇರು ಮಾಡುವುವು ಎರಡು: ಬಿಸಿ ಮತ್ತು ಹುಳಿ.

ಬಿಸಿಯ ವಿಷಯವನ್ನು 1889ರಲ್ಲಿ ಸ್ವೀಡನ್ ದೇಶದ ಅರೇನಿಯಸ್ ಎಂಬ ವಿಜ್ಞಾನಿಯು, ಇದೇ ಕಬ್ಬಿನ ಸಕ್ಕರೆ ಒಡೆಯುವ ಅಂಕಗಳನ್ನು ಇಟ್ಟುಕೊಂಡು ಸೂತ್ರಕ್ಕೆ ತಂದರು. ಹುಳಿಯು ಒಂದೇ ಸಮವಾಗಿದ್ದಲ್ಲಿ, 30 ಡಿಗ್ರಿ ಸೆಂಟಿಗ್ರೇಡಿನಿಂದ 40ಕ್ಕೆ ಏರಿದರೆ ಒಡೆಯುವ ವೇಗವು ಸುಮಾರು ನಾಲ್ಕು ಪಟ್ಟಾಗುವುದು. 90ರಿಂದ 100ಕ್ಕೆ ಏರಿದರೆ ಎರಡೂವರೆ ಪಟ್ಟಿಗೆ ಸ್ವಲ್ಪ ಮೇಲಾಗುವುದು. ಕುದಿಯುವ ಹಾಲು 100 ಡಿಗ್ರಿಗೆ ಸಮೀಪದಲ್ಲಿದ್ದರೆ, ಇಳಿಸುವ ಹದಕ್ಕೆ ಬಂದ ಪಾಕವು 115ರಿಂದ 118 ಡಿಗ್ರಿಯವರೆಗೆ ಇರುವುದು. ಅಲ್ಲಿಯ ವೇಗವು ಕುದಿಯುವ ಹಾಲಿನ ವೇಗಕ್ಕೆ ಸುಮಾರು ನಾಲ್ಕರಷ್ಟು ಅಥವಾ ಅದಕ್ಕೂ ಹೆಚ್ಚು. ಹದಕ್ಕೆ ಬಂದ ಪಾಕವನ್ನು ಅಚ್ಚು ತೊಳೆದಿಲ್ಲವೆಂದು ಒಲೆಯ ಮೇಲೆಯೇ ಕಾಲುಗಂಟೆ ನಿಲ್ಲಿಸಿದರೆ, ಹಾಲನ್ನು ಒಂದು ಗಂಟೆ ಹೆಚ್ಚಾಗಿ ಕುದಿಸಿದುದಕ್ಕೆ ಸಮವಾಯಿತು. ಬಣ್ಣವು ಕಪ್ಪಾಗುವುದು ಬೇರೆ.

ಹುಳಿಯ ಲೆಕ್ಕವು ಇದಕ್ಕಿಂತಲೂ ತೀಕ್ಷ್ಣವಾದುದು. ಹುಳಿಯನ್ನು ಪಿ.ಎಚ್. ಎಂಬ ಅಂಕದಿಂದ ಅಳೆಯುವರು. 7 ಎಂದರೆ ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಸ್ಥಿತಿ. ಅಂಕವು ಇಳಿದಷ್ಟೂ ಹುಳಿ ಹೆಚ್ಚು. ಅಂಕವು ಒಂದು ಇಳಿದರೆ ಹುಳಿಯ ಬಲವು ಹತ್ತು ಪಟ್ಟಾಗುವುದು, ಅದರೊಡನೆ ಸಕ್ಕರೆ ಒಡೆಯುವ ವೇಗವೂ ಹತ್ತು ಪಟ್ಟಾಗುವುದು. ಆಗ ತಾನೇ ಅರೆದ ಒಳ್ಳೆಯ ಕಬ್ಬಿನ ಹಾಲು ಸಾಮಾನ್ಯವಾಗಿ 5.2ರಿಂದ 5.5ರವರೆಗೆ ಇರುವುದು. ಸುಣ್ಣದ ತಿಳಿನೀರನ್ನು ಹಾಕಿ ಅದನ್ನು 6.3ರ ಸಮೀಪಕ್ಕೆ ತಂದರೆ ಒಡೆಯುವ ವೇಗವು ಸುಮಾರು ಹತ್ತರಲ್ಲೊಂದಕ್ಕೆ ಇಳಿಯುವುದು. 160 ಕಿಲೋಗ್ರಾಂ ಸಕ್ಕರೆಯುಳ್ಳ ಹಾಲು, ಸುಣ್ಣವಿಲ್ಲದೆ, ಗಂಟೆಗೆ ನೂರಕ್ಕೆ ಒಂದರಂತೆ ಎರಡು ಗಂಟೆ ಕುದಿದರೆ 3.18 ಕಿಲೋ ಸಕ್ಕರೆ ಒಡೆಯುವುದು. ಸುಣ್ಣ ಬಿದ್ದು ವೇಗವು ಹತ್ತರಲ್ಲೊಂದಾದರೆ ಒಡೆಯುವುದು ಸುಮಾರು 320 ಗ್ರಾಂ ಮಾತ್ರ. ಹಿರಿಯರು ಕೈಯಳತೆಯಿಂದ ಸುಣ್ಣ ಹಾಕುತ್ತಿದ್ದ ಪದ್ಧತಿಯ ಒಳಗುಟ್ಟು ಇದೇ. ಆದರೆ ಕೈಯಳತೆಗೆ ಹಾಲಿನ ಹುಳಿಯು ತಿಳಿಯದು. ಅಂಗಡಿಗಳಲ್ಲಿ ದೊರೆಯುವ ಪಿ.ಎಚ್. ಕಾಗದದ ಚೂರನ್ನು ಹಾಲಿಗೆ ಅದ್ದಿ, ಬಣ್ಣವನ್ನು ಪಟ್ಟಿಗೆ ಹೋಲಿಸಿ ನೋಡಿ ಹಾಕತಕ್ಕದ್ದು. ಹೆಚ್ಚಾದ ಸುಣ್ಣವು ಒಡೆದ ಸಕ್ಕರೆಯನ್ನೇ ಸುಟ್ಟಂತೆ ಮಾಡಿ ಬೆಲ್ಲವನ್ನು ಕಪ್ಪಾಗಿಸುವುದು. ಆ ಕಪ್ಪನ್ನು ಮರೆಮಾಡಲು ಹೈಡ್ರೋಸ್ ಎಂಬ ಬಿಳುಪುಕಾರಿಯನ್ನು ಸುರಿಯುವುದು ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು. ಹೊಳೆಯುವ ಬಣ್ಣವು ಸಕ್ಕರೆ ಒಡೆದಿಲ್ಲವೆಂಬುದಕ್ಕೆ ಸಾಕ್ಷಿಯಾಗಲಾರದು.

ಇಷ್ಟರ ಮೇಲೆ ವಾಚಕರಿಗೆ ಒಂದು ಸಂದೇಹವು ಬರಬಹುದು. ಕೊಪ್ಪರಿಗೆಯಲ್ಲಿ ಹಾಳಾಗುವುದು ನೂರರಲ್ಲಿ ಒಂದೆರಡು ಪಾಲು ಮಾತ್ರವಾದರೆ, ಬೆಲ್ಲ ಕೂರದಷ್ಟು ಒಡೆದ ಸಕ್ಕರೆಯು ಎಲ್ಲಿಂದ ಬಂದಿತು? ಉತ್ತರವು ಆಲೆಮನೆಯ ಹೊರಗೆ, ಕಡಿದು ಹಾಕಿದ ಕಬ್ಬಿನ ರಾಶಿಯಲ್ಲಿದೆ.

ಕಬ್ಬನ್ನು ಕಡಿದ ಕೂಡಲೆ ಅದು ಸಾಯುವುದಿಲ್ಲ. ಬೇರಿನಿಂದ ನೀರು ನಿಂತುಹೋದರೂ ಅದರ ಉಸಿರಾಟವು ನಡೆದೇ ಇರುವುದು. ಕಿಣ್ವಗಳ ಕೆಲಸವು ಇನ್ನೂ ಚುರುಕಾಗುವುದು. ಕಿಣ್ವವು ಸಕ್ಕರೆಯನ್ನು ಒಡೆಯುವ ರೀತಿಗೂ ಆಮ್ಲವು ಒಡೆಯುವ ರೀತಿಗೂ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಿದೆ. ಗಾಣದ ಮುಂದೆ ಹತ್ತು ಗಾಡಿ ಕಬ್ಬಿದ್ದರೂ ನೂರು ಗಾಡಿಯಿದ್ದರೂ ಗಂಟೆಗೆ ಅರೆಯುವುದು ಅಷ್ಟೇ. ರಾಶಿ ತೀರುತ್ತ ಬಂದು ಉರುಳೆಗಳು ಬರಿದಾಗಿ ತಿರುಗುವಾಗ ಮಾತ್ರ ಕೆಲಸವು ಕಡಿಮೆಯಾಗುವುದು. ಕಿಣ್ವವೂ ಇಂತಹ ಗಾಣವೇ. 1913ರಲ್ಲಿ ಬರ್ಲಿನ್ ನಗರದಲ್ಲಿ ಲಿಯೊನೋರ್ ಮಿಖಾಯೆಲಿಸ್ ಎಂಬುವರೂ ಕೆನಡಾ ದೇಶದ ಮಾಡ್ ಮೆಂಟನ್ ಎಂಬ ವೈದ್ಯ ಮಹಿಳೆಯೂ ಕೂಡಿ, ಈ ಇನ್ವರ್ಟೇಸ್ ಕಿಣ್ವವು ಕಬ್ಬಿನ ಸಕ್ಕರೆಯನ್ನು ಒಡೆಯುವ ವೇಗವನ್ನು ಅಳೆದು ಇದನ್ನು ಸ್ಥಿರಪಡಿಸಿದರು. ಸಕ್ಕರೆಯು ಧಾರಾಳವಾಗಿರುವವರೆಗೆ ಕಿಣ್ವವು ಹೊತ್ತಿಗೆ ಇಷ್ಟೆಂದು ಒಂದೇ ಸಮನಾಗಿ ಒಡೆಯುತ್ತ ಹೋಗುವುದು. ಕಬ್ಬಿನಲ್ಲಿ ಸಕ್ಕರೆಯು ಧಾರಾಳವಾಗಿಯೇ ಇದೆ. ಆದುದರಿಂದ ಇಲ್ಲಿ ಬಾಯಿಲೆಕ್ಕವೇ ಹೆಚ್ಚು ಸರಿ: ದಿನಕ್ಕೆ ಇಷ್ಟು, ಎರಡು ದಿನಕ್ಕೆ ಅದರ ಎರಡರಷ್ಟು. ಬಿಸಿಲು ಏರಿದರೆ, ಕಬ್ಬು ಒಣಗಿದರೆ, ದಿನದ ಮೊತ್ತವೇ ಏರುವುದು. ತಳಿಯಿಂದ ತಳಿಗೂ ಇದು ಬೇರೆ.

ಈ ಲೆಕ್ಕವು ಕಟಾವಿನ ಕ್ರಮಕ್ಕೆ ಹೇಗೆ ತಾಗುವುದೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಏಕೆಂದರೆ ಹಣವು ಹೋಗುವುದು ಇಲ್ಲಿಯೇ. ಕಟಾವು ಮಾಡುವ ಕೂಲಿಗುಂಪು ದೊರೆತಾಗಲೇ ಗದ್ದೆಯೆಲ್ಲವನ್ನೂ ಒಂದೇ ದಿನ ಕಡಿಸಿಬಿಡುವ ಪದ್ಧತಿಯು ಈಗ ಹೆಚ್ಚಾಗಿದೆ. ಆಳಿನ ಅಭಾವವನ್ನು ಬಲ್ಲವರು ಇದನ್ನು ಪೂರ್ತಿ ದೂರಲಾರರು. ಆದರೂ ಲೆಕ್ಕವನ್ನು ನೋಡಬೇಕು. ಒಬ್ಬ ರೈತನು 16 ಟನ್ ಕಬ್ಬನ್ನು ಒಂದೇ ದಿನ ಕಡಿಸಿದನೆಂದೂ, ಗಾಣವು ದಿನಕ್ಕೆ 4 ಟನ್ ಅರೆಯುವುದೆಂದೂ, ಕಡಿದ ಕಬ್ಬಿನಲ್ಲಿ ಟನ್ನಿಗೆ ದಿನವೊಂದಕ್ಕೆ 3 ಕಿಲೋಗ್ರಾಂ ಸಕ್ಕರೆ ಒಡೆಯುವುದೆಂದೂ ಇಟ್ಟುಕೊಳ್ಳೋಣ. ಮೊದಲ ದಿನದ 4 ಟನ್ನಿಗೆ ನಷ್ಟವಿಲ್ಲ. ಎರಡನೆಯ ದಿನ ಅರೆಯುವ 4 ಟನ್ ಒಂದು ದಿನ ಕಾದಿರುವುದರಿಂದ ನಷ್ಟವು 12 ಕಿಲೋ. ಮೂರನೆಯ ದಿನದ್ದರಲ್ಲಿ 24. ನಾಲ್ಕನೆಯ ದಿನದ್ದರಲ್ಲಿ 36. ಒಟ್ಟು 72 ಕಿಲೋಗ್ರಾಂ. ಅದೇ ರೈತನು ಇಂದು 8 ಟನ್, ಒಂದು ದಿನ ಬಿಟ್ಟು ಮತ್ತೆ 8 ಟನ್ ಎಂದು ಎರಡು ಸಲ ಕಡಿಸಿದ್ದರೆ, ಪ್ರತಿ ಸಲವೂ 4 ಟನ್ ಮಾತ್ರ ಒಂದೊಂದು ದಿನ ಕಾಯುತ್ತಿತ್ತು. ಒಟ್ಟು ನಷ್ಟವು 24 ಕಿಲೋ. ಕಟಾವನ್ನು ಎರಡು ಪಾಲು ಮಾಡಿದುದಕ್ಕೆ ನಷ್ಟವು ಮೂರರಲ್ಲೊಂದಕ್ಕೆ ಇಳಿಯಿತು. ಗುಂಪಿನವರನ್ನು ಎರಡು ಸಲ ಕರೆಸಲು ತಗಲುವ ಹೆಚ್ಚಿನ ಖರ್ಚನ್ನು, ಉಳಿಯುವ 48 ಕಿಲೋ ಸಕ್ಕರೆಯ ಬೆಲೆಯೊಡನೆ ಅವರವರ ಊರಿನ ದರದಂತೆ ಹೋಲಿಸಿ ನೋಡಿಕೊಳ್ಳಬಹುದು. ನೆರೆಯ ಇಬ್ಬರು ಜಮೀನುದಾರರು ಒಪ್ಪಿ, ಗುಂಪನ್ನು ಒಂದು ದಿನ ಒಬ್ಬರ ಗದ್ದೆಗೂ ಮರುದಿನ ಇನ್ನೊಬ್ಬರ ಗದ್ದೆಗೂ ತಿರುಗಿಸಿಕೊಂಡರೆ ಆ ಖರ್ಚೂ ಇರುವುದಿಲ್ಲ. ಇಂತಹ ಒಪ್ಪಂದವನ್ನು ಮಾಡಿಸುವುದು ಗ್ರಾಮದ ಮುಖಂಡರ ಕೈಯಲ್ಲಿದೆ.

ಕಾಯಿಸಲೇಬೇಕಾದ ಕಬ್ಬನ್ನು ನೆರಳಿನಲ್ಲಿ ಒಟ್ಟಿ, ಒಣ ತರಗಿನಿಂದ ಮುಚ್ಚಿ, ಮೇಲೆ ನೀರು ಚಿಮುಕಿಸುತ್ತಿರತಕ್ಕದ್ದು. ತುದಿಯ ಎಳೆಯ ಗಣ್ಣುಗಳಲ್ಲಿ ಒಡೆದ ಸಕ್ಕರೆಯು ಹುಟ್ಟಿನಿಂದಲೇ ಹೆಚ್ಚಾಗಿರುವುದರಿಂದ ಅವನ್ನು ಸೋಗೆಯೊಡನೆ ತೆಗೆದುಬಿಡಬೇಕು. ಇಲಿ ಕಡಿದ ಮತ್ತು ಬಿದ್ದು ಬೇರೊಡೆದ ಕಬ್ಬನ್ನು ಬೇರೆ ಮಾಡುವುದು ಒಳ್ಳೆಯದು.

ಮೂರನೆಯ ಲೆಕ್ಕವೊಂದುಂಟು; ಅದು ಗಾಣಕ್ಕೂ ಕೊಪ್ಪರಿಗೆಗೂ ನಡುವಿನ ತೊಟ್ಟಿಯದು. ಅರೆದ ಹಾಲು ತೊಟ್ಟಿಯಲ್ಲಿ ನಿಂತಾಗ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆಯುವುವು. ಅವುಗಳಲ್ಲಿ ಒಂದು ಜಾತಿಯು ಸಕ್ಕರೆಯನ್ನು ತಿಂದು ಲೋಳೆಯಂತಹ ಪದಾರ್ಥವನ್ನು ಮಾಡುವುದು. ತೊಳೆಯದ ತೊಟ್ಟಿಯ ಮೂಲೆಯಲ್ಲಿ ಕೈಗೆ ಜಾರುವ ಲೋಳೆಯು ಅದೇ. ಈ ಜೀವಿಗಳು ತಾವೇ ಹೆಚ್ಚುತ್ತ ಹೋಗುವುದರಿಂದ ಕೇಡೂ ಗಂಟೆಗಂಟೆಗೆ ಬೆಳೆಯುವುದು. ಗಂಟೆಗೊಮ್ಮೆ ಅವುಗಳ ಸಂಖ್ಯೆ ಇಮ್ಮಡಿಯಾಗುವುದೆಂದೂ ಮೊದಲ ಗಂಟೆಯ ಕೇಡು ಒಂದು ಗ್ರಾಮೆಂದೂ ಇಟ್ಟುಕೊಂಡರೆ, ಎರಡನೆಯ ಗಂಟೆಗೆ 2, ಮೂರನೆಯದಕ್ಕೆ 4, ನಾಲ್ಕನೆಯದಕ್ಕೆ 8 ಆಗುವುದು. ಎಂಟು ಗಂಟೆಗಳ ಒಟ್ಟು ಕೇಡು 255 ಗ್ರಾಂ. ಅದರಲ್ಲಿ ಮೊದಲ ನಾಲ್ಕು ಗಂಟೆಗಳ ಪಾಲು 15, ಕಡೆಯ ನಾಲ್ಕರದು 240. ಸಂಜೆ ಅರೆದ ಹಾಲನ್ನು ಬೆಳಗಿಗೆ ಕಾಯಿಸೋಣವೆಂದು ಬಿಟ್ಟವನ ಕಷ್ಟವು ಇದರಿಂದ ತಿಳಿಯುವುದು. ಗಾಣದ ಉರುಳೆ, ದೋಣಿ, ತೊಟ್ಟಿ ಇವುಗಳನ್ನು ದಿನವೂ ಕುದಿಯುವ ನೀರಿನಿಂದ ತೊಳೆದರೆ ಮೊದಲ ಅಂಕವೇ ಸಣ್ಣದಾಗುವುದು. ಮೊದಲ ಅಂಕವು ಹತ್ತರಲ್ಲೊಂದಾದರೆ ಕಡೆಯ ಮೊತ್ತವೂ ಹತ್ತರಲ್ಲೊಂದೇ.

ಮೇಲೆ ಹೇಳಿದ ಉಪಕರಣದ ವಿಚಾರ ಈಗ. ಅನೇಕ ರೈತರು ಬ್ರಿಕ್ಸ್ ಅಳೆಯುವ ಕೈ ರಿಫ್ರಾಕ್ಟೋಮೀಟರನ್ನು ಇಟ್ಟುಕೊಂಡಿರುವರು. ನಿಂತ ಪೈರಿನ ಮಾಗುವಿಕೆಯನ್ನು ನೋಡಲು ಇದು ಬಹು ಉಪಯುಕ್ತ. ಕಡಿದ ಕಬ್ಬಿಗೆ ಇದನ್ನು ನಂಬಿದವನು ಮೋಸಹೋಗುವನು. ಹಾಲಿನಲ್ಲಿ ಕರಗಿರುವ ಎಲ್ಲ ಪದಾರ್ಥವನ್ನೂ ಇದು ಒಟ್ಟಿಗೆ ಅಳೆಯುವುದು, ಒಳ್ಳೆಯದನ್ನೂ ಒಡೆದುದನ್ನೂ ಬೇರೆ ಮಾಡಲಾರದು. 100 ಕಿಲೋಗ್ರಾಂ ಹಾಲಿನಲ್ಲಿ ಒಳ್ಳೆಯ ಸಕ್ಕರೆ 16, ಒಡೆದ ಸಕ್ಕರೆ 1, ಇತರ ಪದಾರ್ಥ 2, ನೀರು 81 ಇರಲಿ, ಬ್ರಿಕ್ಸ್ 19. ಕಬ್ಬನ್ನು ಕಡಿದು ಇಟ್ಟಿದ್ದರಿಂದ 8 ಕಿಲೋ ನೀರು ಆರಿತು, 2 ಕಿಲೋ ಸಕ್ಕರೆ ಒಡೆಯಿತು. ಈಗ ಒಳ್ಳೆಯ ಸಕ್ಕರೆ 14, ಒಡೆದದ್ದು 3.1, ಇತರ 2. ಹಾಲಿನ ತೂಕ 92. ಬ್ರಿಕ್ಸ್ ನೋಡಿದರೆ 20.8 ಎಂದು ತೋರುವುದು! ಸಕ್ಕರೆಯಲ್ಲಿ ಎಂಟನೆಯ ಒಂದು ಪಾಲು ಹಾಳಾಗಿದ್ದರೂ ಉಪಕರಣವು ‘ಕಬ್ಬು ಇನ್ನೂ ಮಾಗಿತು’ ಎನ್ನುತ್ತಿದೆ. ಕರಗಿದ ಪದಾರ್ಥದಲ್ಲಿ ಒಳ್ಳೆಯ ಸಕ್ಕರೆಯ ಪಾಲು ನೂರಕ್ಕೆ 84ರಿಂದ 73ಕ್ಕೆ ಇಳಿದಿರುವುದನ್ನು ಅದು ಕಾಣದು. ‘ಎರಡು ದಿನ ಬಾಡಿಸಿದರೆ ಹಾಲು ಗಟ್ಟಿಯಾಗಿ ಸೌದೆ ಉಳಿಯುವುದು’ ಎಂಬ ಮಾತು ಕೆಲವು ಊರುಗಳಲ್ಲಿ ಕೇಳಿಬರುವುದಕ್ಕೆ ಈ ಗಟ್ಟಿತನವೇ ಕಾರಣ. ಹಾಲು ಗಟ್ಟಿಯಾಗುವುದು ನಿಜ, ಬೆಲ್ಲವು ಗಟ್ಟಿಯಾಗುವುದಿಲ್ಲ.

ಕಾರ್ಖಾನೆಗೆ ಕಬ್ಬು ಹಾಕುವವರಿಗೂ ಇದು ಸಂಬಂಧಿಸಿದ್ದೇ. ಒಡೆದ ಸಕ್ಕರೆಯು ಕಾರ್ಖಾನೆಯಲ್ಲಿ ಕಾಕಂಬಿಗೆ ಹೋಗುವುದು. ಹೋಗುವಾಗ ಸ್ವಲ್ಪ ಒಳ್ಳೆಯ ಸಕ್ಕರೆಯನ್ನೂ ಜೊತೆಗೆ ಎಳೆದುಕೊಂಡು ಹೋಗುವುದು. ಸರ್ಕಾರವು ನಿಗದಿ ಮಾಡುವ ಕಬ್ಬಿನ ಬೆಲೆಯು ಕಾರ್ಖಾನೆಯ ಸಕ್ಕರೆ ಇಳುವರಿಗೆ ಸೇರಿಕೊಂಡಿರುವುದರಿಂದ, ರಸ್ತೆಯಲ್ಲಿ ಸಾಲುಗಟ್ಟಿ ನಿಂತ ಗಾಡಿಗಳ ನಷ್ಟವು ಸುತ್ತಿ ಬಳಸಿ ಬೆಳೆಗಾರನ ಮನೆಗೇ ಬರುವುದು.

ಇನ್ನು ವ್ಯಾಜ್ಯದ ತೀರ್ಮಾನ. ಒಡೆದ ಸಕ್ಕರೆಯನ್ನು ಬೇರೆಯಾಗಿ ಗುರುತಿಸುವ ಸುಲಭವಾದ ಪರೀಕ್ಷೆಯೊಂದನ್ನು ಜರ್ಮನಿಯ ಫೆಹ್ಲಿಂಗ್ ಎಂಬುವರು 1849ರಲ್ಲಿಯೇ ಪ್ರಕಟಿಸಿದರು. ತಾಮ್ರದ ಲವಣವುಳ್ಳ ನೀಲಿ ದ್ರವದೊಡನೆ ಹಾಲನ್ನು ಕಾಯಿಸಿದರೆ, ಒಡೆದ ಸಕ್ಕರೆಯಿದ್ದಷ್ಟು ಪ್ರಮಾಣದಲ್ಲಿ ಇಟ್ಟಿಗೆಯ ಬಣ್ಣದ ಗಸಿ ಇಳಿಯುವುದು. ಒಳ್ಳೆಯ ಸಕ್ಕರೆಯು ಇದನ್ನು ಮಾಡಲಾರದು. ಎಷ್ಟು ಹಾಲಿಗೆ ಎಷ್ಟು ನೀಲಿ ದ್ರವವು ಬಣ್ಣಗೆಡುವುದೆಂಬುದನ್ನು ಅಳೆದು, ಪ್ರಯೋಗಶಾಲೆಯವರು ಒಡೆದ ಸಕ್ಕರೆಯ ತೂಕವನ್ನು ಹೇಳಬಲ್ಲರು. ಮಾದರಿಗಳನ್ನು ನಾಲ್ಕು ಕಡೆಗಳಲ್ಲಿ ತೆಗೆಯತಕ್ಕದ್ದು: ಅದೇ ಗದ್ದೆಯಲ್ಲಿ ಆ ಬೆಳಿಗ್ಗೆ ಕಡಿದು ಕೂಡಲೆ ಅರೆದ ನಾಲ್ಕೈದು ಕಬ್ಬಿನ ಹಾಲು, ರಾಶಿಯ ಕಬ್ಬಿನಿಂದ ಗಾಣದ ಬಾಯಲ್ಲಿ ಬೀಳುವ ಹಾಲು, ಕೊಪ್ಪರಿಗೆಗೆ ಸುರಿಯುವ ಹಾಲು, ಇಳಿಸಿದ ಬೆಲ್ಲ. ಹಾಲಿನ ಮಾದರಿಯು ಸೀಸೆಯೊಳಗೂ ಒಡೆಯುತ್ತಲೇ ಇರುವುದಾದ್ದರಿಂದ, ತೆಗೆದ ಹೊತ್ತನ್ನು ಸೀಸೆಯ ಮೇಲೆ ಬರೆದು, ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ಪ್ರಯೋಗಶಾಲೆಗೆ ಮುಟ್ಟಿಸಬೇಕು.

ಉದಾಹರಣೆಗೆ ಒಂದು ಕೊಪ್ಪರಿಗೆಗೆ 1,000 ಕಿಲೋಗ್ರಾಂ ಹಾಲು ಬಿದ್ದು, ಆ ತೂಕಕ್ಕೆ ಲೆಕ್ಕ ಹಾಕಿದಾಗ ಒಡೆದ ಸಕ್ಕರೆಯು ಹೊಸ ಕಬ್ಬಿನಲ್ಲಿ 10 ಕಿಲೋ, ಗಾಣದ ಬಾಯಲ್ಲಿ 24, ಕೊಪ್ಪರಿಗೆಗೆ ಸುರಿಯುವಾಗ 27, ಬೆಲ್ಲದಲ್ಲಿ 30 ಎಂದು ಬಂದಿತೆನ್ನೋಣ. ಹೊಸ ಕಬ್ಬಿನ 10 ಕಿಲೋ ಪೈರಿನ ಸ್ವಭಾವದ್ದು. ಅದಕ್ಕೆ ಯಾರೂ ಹೊಣೆಯಲ್ಲ. ಮೇಲಣ 20 ಕಿಲೋವಿನಲ್ಲಿ ರಾಶಿಯಲ್ಲಿ ಹುಟ್ಟಿದುದು 14, ತೊಟ್ಟಿಯಲ್ಲಿ 3, ಕೊಪ್ಪರಿಗೆಯಲ್ಲಿ 3. ಇದನ್ನು 342ರಿಂದ ಗುಣಿಸಿ 360ರಿಂದ ಭಾಗಿಸಿದರೆ, ಹಾಳಾದ ಒಳ್ಳೆಯ ಸಕ್ಕರೆಯು 19 ಕಿಲೋ. ಅದರಲ್ಲಿ ರಾಶಿಯ ಪಾಲು 13.3. ಕೊಪ್ಪರಿಗೆಯಲ್ಲಿ ತೀರ ಕಾದಾಗ ಒಡೆದ ಸಕ್ಕರೆಯಲ್ಲಿಯೇ ಸ್ವಲ್ಪ ಸುಟ್ಟು ಮಾಯವಾಗುವುದರಿಂದ, ಬೆಲ್ಲವು ಕಪ್ಪಾಗಿದ್ದಲ್ಲಿ ಕೊಪ್ಪರಿಗೆಯ ಪಾಲನ್ನು ಕಂಡುದಕ್ಕಿಂತ ಒಂದಿಷ್ಟು ಹೆಚ್ಚೆಂದು ಎಣಿಸುವುದು ನ್ಯಾಯ. ಬಣ್ಣವು ಚೆನ್ನಾಗಿದ್ದರೆ, ಪಾಕ ನೋಡುವವನ ಪಾಲಿಗೆ ಬರುವುದು ನೂರರಲ್ಲಿ 15. ಅದರಲ್ಲಿಯೂ ಯಜಮಾನನು ಸುಣ್ಣವನ್ನೂ ಪಿ.ಎಚ್. ಕಾಗದವನ್ನೂ ಒದಗಿಸದೆ ಇದ್ದ ಪಕ್ಷದಲ್ಲಿ ಅವನ ಕೂಲಿಯಲ್ಲಿ ಮುರಿಯುವುದಕ್ಕೆ ಆಧಾರವಿಲ್ಲ. ನೂರರಲ್ಲಿ 70 ಪಾಲು ಕಬ್ಬು ಕಡಿಸಿ ಬಿಸಿಲಿಗೆ ಬಿಟ್ಟವನದು.